ಬಲಮೂಲೆಯಲ್ಲಿ ಅಣ್ಣ

ನಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಕೆಟ್ಟರೆ ಎಲ್ಲರೂ ನನ್ನನ್ನೇ ಕರೆಯುತ್ತಾರೆ. ನಾನು ಹೋಗಿ, ಹುಬ್ಬು ಗಂಟಿಕ್ಕಿ, ವೈರನ್ನು ಕಿತ್ತು ಮತ್ತೆ ಅಲ್ಲೇ ಚುಚ್ಚುತ್ತೇನೆ. ಎರಡು ಸಲಕ್ಕೊಂದು ಸಲ ಸರಿಹೋಗುತ್ತದೆ. ಅಷ್ಟರ ಬಲದ ಮೇಲೆಯೇ ನಾನು ಚಾಮರಾಜನಗರದಲ್ಲಿ, ಕನಿಷ್ಠಪಕ್ಷ ನಮ್ಮ ಬೀದಿಯಲ್ಲಿ, ‘ಕಂಪ್ಯೂಟರ್ ಮೇಷ್ಟ್ರು’ ಎಂದು ಹೆಸರಾದವನು. ನಾನು ಕಲಿಸುವುದು ಗಣಿತ.

ಆದ್ದರಿಂದ ಗುಂಡ್ಲುಪೇಟೆಯಿಂದ ಅತ್ತಿಗೆ ಫೋನ್ ಮಾಡಿ ಒಂದು ಮಾತು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಅಣ್ಣ ಮಾದಪ್ಪ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಗುಂಡ್ಲುಪೇಟೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದವನು. ಯಾರಾದರೂ ಮೊಬೈಲ್ ಎತ್ತಿದರೆ ಸಾಕು, “ನನ್ ಮುಸುಡೀಲಿ ಏನ್ ನೋಡೀರಿ, ಓಗ್ರಲಾ” ಎಂದು ಎದ್ದು ಹೋಗುತ್ತಿದ್ದ. ಹಾಗಾಗಿ ಉಳಿದ ಫೋಟೊ ಒಂದೇ, ಆಧಾರ್ ಕಾರ್ಡಿನದು. ಆಧಾರ್ ಕಾರ್ಡಿನಲ್ಲಿ ನಾವೆಲ್ಲರೂ ಹೇಗೆ ಕಾಣುತ್ತೇವೋ ಅವನೂ ಹಾಗೆಯೇ ಕಾಣುತ್ತಿದ್ದ, ಈಗಷ್ಟೇ ಸಿಕ್ಕಿಬಿದ್ದವನಂತೆ.

“ಫೋಟೊ ದಿನಾ ನೋಡ್ತೀನಿ ಕಣಪ್ಪ ಪುಟ್ಟ,” ಅಂದರು ಅತ್ತಿಗೆ. “ಅವ್ರು ನಡೆಯಾದೇ ಮರ್ತೋಯ್ತಾ ಅದೆ. ಕಣ್ಮುಚ್ಚುದ್ರೆ ನಿಂತ್ಕಂಡೇ ಇರ್ತಾರೆ. ನಿನ್ ಮದ್ವೆ ವಿಡಿಯೊದಲ್ಲಿ ಸಾಂಬಾರ್ ಬಡುಸ್ತಾ ಓಡಾಡವ್ರಲ್ಲ, ಅದ ಒಂದ್ಸಲ ತೋರ್ಸಕ್ ಆಯ್ತದಾ?”

ಅಣ್ಣನದು ಬಲಗಾಲನ್ನು ಹೊರಕ್ಕೆ ಎಸೆದು ನಡೆಯುವ ನಡಿಗೆ. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದದ್ದರ ಗುರುತು ಅದು. ಹಿಂದೆ ಕ್ಯಾರಿಯರ್ ಮೇಲೆ ನಾನು ಕೂತಿದ್ದೆ. ನನಗೆ ಏನೂ ಆಗಲಿಲ್ಲ.

“ತೋರ್ಸೋದೇನತ್ತಿಗೆ! ವರ್ಷದ ತಿಥಿಗೆ ಒಂದು ಸಿನಿಮಾನೇ ಮಾಡ್ಕೊಂಡ್ ಬತ್ತೀನಿ!” ಎಂದೆ. ಅವರು ಕೇಳಿದ್ದು ಒಂದು ಲೋಟ ನೀರು. ನಾನು ಬಾವಿ ತೋಡಲು ಹೊರಟೆ.

ಇಪ್ಪತ್ತು ವರ್ಷ ಹಳೆಯ ಮದುವೆಯ ಸಿಡಿಯನ್ನು ಬೀರುವಿನಿಂದ ತೆಗೆದೆ. ಬೆನ್ನ ಮೇಲಿನ ಬಣ್ಣ ಎದ್ದುಹೋಗಿತ್ತು. ಸ್ಟುಡಿಯೊದವರು ಹರಸಾಹಸ ಮಾಡಿ ಊಟದ ಹಾಲ್‌ನ ನಾಲ್ಕು ನಿಮಿಷವನ್ನಷ್ಟೇ ಪೆನ್‌ಡ್ರೈವಿಗೆ ಇಳಿಸಿಕೊಟ್ಟು, “ಇನ್ನು ಇದು ಓಡಲ್ಲ ಸಾರ್” ಎಂದು ಕೈಮುಗಿದರು. ಓಡದ ಸಿಡಿಯನ್ನು ನನ್ನ ಹೆಂಡತಿ ಮಂಗಳ ಮಹಡಿಯ ಮೇಲೆ, ಸಂಡಿಗೆಗೆ ಕಾಗೆ ಬರದಿರಲಿ ಎಂದು ದಾರ ಕಟ್ಟಿ ನೇತುಹಾಕಿದಳು. “ಅಂತೂ ನಮ್ಮ ಮದ್ವೆ ಒಂದು ಉಪಯೋಗಕ್ಕೆ ಬಂತು,” ಅಂದಳು.

ಆ ನಾಲ್ಕು ನಿಮಿಷವನ್ನು ಒಮ್ಮೆ ಓಡಿಸಿ ನೋಡಿದೆ. ಕ್ಯಾಮೆರಾದವನು ಹಾಲ್‌ನ ಬಾಗಿಲಲ್ಲಿ ನೆಟ್ಟಗೆ ನಿಂತುಬಿಟ್ಟಿದ್ದ. ಎಡಗಡೆ ಎಲೆಗಳ ಸಾಲು, ಬಲಗಡೆ ಬಡಿಸುವವರು ಓಡಾಡುವ ಜಾಗ. ಅಣ್ಣ ಬಕೆಟ್ ಹಿಡಿದು ಬಂದ, ಬಡಿಸಿದ, ಹೋದ, ಮತ್ತೆ ಬಂದ. ಇದ್ದಾನೆ, ಸಾಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ಈ ಸಿಡಿಯನ್ನು ನಾನು ಹಿಂದೆ ಹತ್ತಾರು ಸಲ ನೋಡಿದ್ದೆ, ಪ್ರತಿಸಲವೂ ನನ್ನನ್ನೇ ನೋಡಿಕೊಂಡಿದ್ದೆ.

ವಿಡಿಯೊ ಎಡಿಟ್ ಮಾಡುವ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಅದರಲ್ಲಿ ಟೈಟಲ್‌ಗಳದ್ದೇ ಒಂದು ಸಂತೆ! ಹಾರುವ ಅಕ್ಷರ, ಕರಗುವ ಅಕ್ಷರ, ಬೆಂಕಿ ಹತ್ತಿಕೊಳ್ಳುವ ಅಕ್ಷರ. ಆಳವಾಗಿ ಪರಾಮರ್ಶಿಸಿ, ಅಣ್ಣ ಸೈಕಲ್ ಶಾಪಿನವನಾದ ಕಾರಣ, ಗಾಲಿಯಂತೆ ಉರುಳಿಕೊಂಡು ಬರುವ ಅಕ್ಷರವನ್ನು ಆಯ್ಕೆ ಮಾಡಿದೆ. ‘ಮಾದಪ್ಪನವರ ನೆನಪಿನಲ್ಲಿ’ ಎಂಬುದು ಪೂರ್ತಿ ಉರುಳಿ ಬಂದು ನಿಲ್ಲಲು ಒಂದು ನಿಮಿಷ ಹತ್ತು ಸೆಕೆಂಡ್ ಬೇಕಾಯಿತು. ಹಿಂದೆ ಬಲೂನುಗಳೂ ಮೇಲೇರುತ್ತಿದ್ದವು. ಅವು ಹುಟ್ಟುಹಬ್ಬದವಂತೆ, ಟೈಟಲ್‌ಗೆ ಅಂಟಿಕೊಂಡೇ ಬಂದಿದ್ದವು. ಬಣ್ಣ ತೆಗೆದು ಅವನ್ನು ಬಿಳಿ ಮಾಡಿದೆ. ತಿಥಿಗೆ ತಕ್ಕ ಗಾಂಭೀರ್ಯ ಬಂತು.

ಆಮೇಲೆ ಕಣ್ಣಿಗೆ ಬಿದ್ದದ್ದು ‘ಪಿಕ್ಚರ್ ಇನ್ ಪಿಕ್ಚರ್’. ದೊಡ್ಡ ಚಿತ್ರ ಓಡುತ್ತಿರುವಾಗ ಅದರ ಮೂಲೆಯಲ್ಲಿ ಇನ್ನೊಂದು ಚಿಕ್ಕ ಚಿತ್ರವನ್ನು ಕೂರಿಸುವ ವಿದ್ಯೆ! ಅಣ್ಣನ ಆಧಾರ್ ಫೋಟೊವನ್ನು ತಂದು, ‘ಬ್ಯೂಟಿ’ ಎಂಬ ಬಟನ್ ಒತ್ತಿ ಮುಖ ಹೊಳೆಯುವಂತೆ ಮಾಡಿ, ಚಿನ್ನದ ಅಂಚು ಕಟ್ಟಿದೆ. ಎಲ್ಲಿ ಕೂರಿಸುವುದು? ಓಡಿಸದೆ ನಿಲ್ಲಿಸಿದ್ದ ವಿಡಿಯೊದ ಮೊದಲ ಚಿತ್ರವನ್ನು ದಿಟ್ಟಿಸಿ ನೋಡಿದೆ. ಎಡಗಡೆ ಜನ ಉಣ್ಣುತ್ತಿದ್ದರು, ಮರೆಮಾಡುವಂತಿಲ್ಲ. ಬಲಗಡೆ ಕೆಳಗೆ ಬರೀ ಖಾಲಿ ನೆಲ! ದಂಡವಾಗಿ ಬಿದ್ದಿದೆಯಲ್ಲ ಎಂದು ಫೋಟೊವನ್ನು ಅಲ್ಲೇ, ಮೊದಲಿಂದ ಕೊನೆಯವರೆಗೆ, ದೊಡ್ಡದಾಗಿ ಪ್ರತಿಷ್ಠಾಪಿಸಿದೆ.

ಮಂಗಳ ಬಂದು ಬಗ್ಗಿ ನೋಡಿದಳು. “ಅಲ್ಲ ಕಣ್ರೀ, ವಿಡಿಯೊದಲ್ಲೇ ಬಾವ ಓಡಾಡ್ತಾ ಅವ್ರೆ. ಮೇಲೆ ಇನ್ನೊಂದ್ ಬಾವ ಯಾಕೆ?”

“ಇದು ಎಫೆಕ್ಟ್,” ಎಂದೆ. “ನಿಂಗೆ ಅರ್ಥ ಆಗಲ್ಲ.”

ಕೊನೆಗೆ, ಊಟದ ಹಾಲ್‌ನ ದೃಶ್ಯ ಶುರುವಾಗಿ ಅರ್ಧ ನಿಮಿಷಕ್ಕೆ, ಪರದೆಯ ಅಡಿಯಲ್ಲಿ ಒಂದು ಪಟ್ಟಿ ಬರುವಂತೆ ಮಾಡಿದೆ: ‘ಸಂಕಲನ, ಶೀರ್ಷಿಕೆ, ಎಫೆಕ್ಟ್ ಮತ್ತು ನಿರ್ದೇಶನ: ಎಂ. ಪುಟ್ಟಸ್ವಾಮಿ, ಬಿ.ಎಸ್ಸಿ., ಬಿ.ಎಡ್.’ ಅಣ್ಣ ತಾನು ಏಳನೇ ಕ್ಲಾಸಿಗೆ ಬಿಟ್ಟು, ಪಂಕ್ಚರ್ ಹಾಕಿ ನನ್ನನ್ನು ಓದಿಸಿದ ಬಿ.ಎಸ್ಸಿ. ಅದು. ಅದನ್ನು ಹಾಕದಿದ್ದರೆ ಅವನಿಗೇ ಅವಮಾನ ಎಂಬುದು ನನ್ನ ವಾದ. ಬಂದ ಪಟ್ಟಿಯನ್ನು ವಾಪಸ್ ಕಳುಹಿಸುವುದು ಹೇಗೆಂದು ತಿಳಿಯಲಿಲ್ಲ. ಕೊನೆಯವರೆಗೂ ಇರಲಿ ಎಂದು ಬಿಟ್ಟೆ.

ಇಷ್ಟೆಲ್ಲ ಹೊರೆ ಹೊತ್ತ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪ್ ಓಡಿಸಿ ತೋರಿಸಲು ಒಪ್ಪಲಿಲ್ಲ. ಮೊದಲ ಚಿತ್ರ ನೋಡಿದೆ, ಕೊನೆಯ ಚಿತ್ರ ನೋಡಿದೆ, ಎರಡೂ ಸರಿಯಿದ್ದವು. ಸಿನಿಮಾ ಸಿದ್ಧವಾದಾಗ ಜಾಗ ಸಾಲದೆ, ಮೂಲ ವಿಡಿಯೊವನ್ನು ಲ್ಯಾಪ್‌ಟಾಪಿನಿಂದ ಅಳಿಸಿದೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಪೆನ್‌ಡ್ರೈವನ್ನೂ ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಒರೆಸಿ, ಸಿನಿಮಾ ತುಂಬಿದೆ. ನನ್ನ ಶಿಸ್ತನ್ನು ಕಂಡು ನನಗೇ ಹೆಮ್ಮೆಯಾಯಿತು.

ತಿಥಿಯ ದಿನ, ಊಟವಾದ ಮೇಲೆ, ಅತ್ತಿಗೆಯ ಮನೆಯ ಟಿವಿಗೆ ಪೆನ್‌ಡ್ರೈವ್ ಚುಚ್ಚಿದೆ. ಅತ್ತಿಗೆ ಕೈ ಒರೆಸಿಕೊಂಡು ಬಂದು, ಎಲ್ಲರಿಗಿಂತ ಮುಂದೆ, ಟಿವಿಗೆ ತಾಗುವ ಹಾಗೆ ನೆಲದ ಮೇಲೆ ಕುಳಿತರು.

ಅಕ್ಷರಗಳು ಉರುಳತೊಡಗಿದವು. ಉರುಳಿದವು. ಇನ್ನೂ ಉರುಳಿದವು.

“ಇದು ಯಾವಾಗ್ ನಿಲ್ತದ್ಲಾ?” ಎಂದರು ಹರದನಹಳ್ಳಿಯಿಂದ ಬಂದಿದ್ದ ಚಿಕ್ಕಪ್ಪ.

ಆಮೇಲೆ ಊಟದ ಹಾಲು ಬಂತು, ಮೂಲೆಯಲ್ಲಿ ಚಿನ್ನದ ಅಂಚಿನ ಅಣ್ಣ ಬಂದ. ‘ಬ್ಯೂಟಿ’ ಅವನ ತುಟಿಗೆ ಬಣ್ಣ ಬಳಿದಿದ್ದನ್ನು ನಾನು ಗಮನಿಸಿದ್ದು ಆಗಲೇ. ಅತ್ತಿಗೆ ಕಾಯುತ್ತಿದ್ದರು. ಇಪ್ಪತ್ತನೇ ಸೆಕೆಂಡಿಗೆ, ಫೋಟೊದ ಹಿಂದಿನಿಂದ ಒಂದು ಕೈ ಹೊರಗೆ ಬಂತು. ತಾಮ್ರದ ಕಡಗ ತೊಟ್ಟ ಅಣ್ಣನ ಕೈ. ಎಲೆಗೆ ಸಾಂಬಾರು ಬಡಿಸಿತು, ಹಿಂದಕ್ಕೆ ಹೋಯಿತು. ಮತ್ತೆ ಬಂತು, ಬಡಿಸಿತು, ಹೋಯಿತು.

“ಲೇ ಪುಟ್ಟ, ಫೋಟೊನೇ ಸಾಂಬಾರ್ ಬಡುಸ್ತಾ ಅದಲ್ಲಲಾ!” ಎಂದರು ಚಿಕ್ಕಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ, ದೇವರಾಣೆ ನಕ್ಕೆ. ಅತ್ತಿಗೆ ನಗಲಿಲ್ಲ. ಮೊಣಕಾಲ ಮೇಲೆ ಎದ್ದು, ಟಿವಿಯ ಮೇಲೆ ಬೆರಳಿಟ್ಟು, ಮೊಬೈಲಿನಲ್ಲಿ ತಳ್ಳುವ ಹಾಗೆ ಆ ಫೋಟೊವನ್ನು ಪಕ್ಕಕ್ಕೆ ತಳ್ಳಲು ನೋಡಿದರು. ಅದು ಕದಲಲಿಲ್ಲ.

“ಇದ್ರ ಇಂದ್ಗಡೆ ಅವ್ರೆ ಕಣಪ್ಪ. ತಗುದ್ಬುಡು ಇದ.”

“ಎರಡೇ ನಿಮಿಷದ ಕೆಲಸ ಅತ್ತಿಗೆ! ಮನೆಗೆ ಹೋಗಿ ತೆಗೆದುಬಿಡ್ತೀನಿ!” ಎಂದೆ. ಪೆನ್‌ಡ್ರೈವನ್ನು ಅಲ್ಲೇ ಬಿಟ್ಟು ಹೊರಟೆ.

ಬಸ್ಸು ತೆರಕಣಾಂಬಿ ದಾಟುವಾಗ ನೆನಪಾಯಿತು. ಫೋಟೊವನ್ನೇನೋ ತೆಗೆಯಬಹುದು. ಅದರ ಹಿಂದೆ ಇರಬೇಕಾದದ್ದನ್ನು ನಾನೇ ಶಿಸ್ತಾಗಿ ಅಳಿಸಿದ್ದೆ.

“ಯಾಕ್ರೀ ಬೆವರ್ತಾ ಇದೀರಾ?” ಎಂದಳು ಮಂಗಳ. ಸೆಕೆ ಎಂದೆ. ಕಿಟಕಿಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು.

ಮನೆಗೆ ಹೋಗಿ ಸಾಫ್ಟ್‌ವೇರ್ ತೆರೆದೆ. ಅಣ್ಣ ಮೂಲೆಯಲ್ಲಿ ಇದ್ದ, ಕೆಂಪು ತುಟಿಯೊಡನೆ. ಉಳಿದದ್ದೆಲ್ಲ ಕಪ್ಪು. ಮಹಡಿಗೆ ಓಡಿ ಸಿಡಿಯನ್ನು ಬಿಚ್ಚಿ ತಂದು ಸೋಪು ಹಚ್ಚಿ ತೊಳೆದೆ. ಕಾಗೆಗಳು ಅದಕ್ಕೆ ಹೆದರಿರಲಿಲ್ಲ, ಅದರ ಮೇಲೆಯೇ ಕೂತು ತಮ್ಮ ಅಭಿಪ್ರಾಯ ತಿಳಿಸಿ ಹೋಗಿದ್ದವು. ಪ್ಲೇಯರ್ ಎರಡು ಸಲ ಗೊರಗುಟ್ಟಿ ಸಿಡಿಯನ್ನು ಹೊರಗೆ ಉಗಿಯಿತು. ಸ್ಟುಡಿಯೊದವರ ಬಳಿ ಪ್ರತಿ ಇರಲಿಲ್ಲ. ಅಳಿಸಿದ್ದನ್ನು ಹುಡುಕಿ ಕೊಡುವವನೊಬ್ಬ ನಾಲ್ಕು ದಿನ ಲ್ಯಾಪ್‌ಟಾಪ್ ಇಟ್ಟುಕೊಂಡು, ಮಂಗಳ ಎಂದೋ ಅಳಿಸಿದ್ದ ಬ್ಲೌಸ್ ಡಿಸೈನುಗಳನ್ನೆಲ್ಲ ಒಂದೂ ಬಿಡದೆ ಉಳಿಸಿಕೊಟ್ಟ. ಅಣ್ಣ ಸಿಗಲಿಲ್ಲ. ಆ ಸಂಜೆ ನಾನು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಮುಂದಿನ ಭಾನುವಾರ ಗುಂಡ್ಲುಪೇಟೆಗೆ ಹೋಗಿ ತಪ್ಪೊಪ್ಪಿಕೊಂಡೆ.

“ನಾನ್ ಕೇಳಿದ್ದು ತೋರ್ಸು ಅಂತ,” ಅಂದರು ಅತ್ತಿಗೆ. “ಸಿಂಗಾರ ಮಾಡು ಅನ್ನಲಿಲ್ಲ ಕಣಪ್ಪ.”

ಅವರು ಎದ್ದು ಟಿವಿ ಹಾಕಿದರು. “ವಾರದಿಂದ ಇದ್ನೇ ನೋಡ್ತಾ ಇವ್ನಿ. ಬಾ, ಇಲ್ಲಿ ಕೂತ್ಕ. ಫೋಟೊ ನೋಡ್ಬೇಡ, ಅದ್ರ ಕೆಳಕ್ ನೋಡು.”

ಪಿಕ್ಚರ್ ಇನ್ ಪಿಕ್ಚರ್‌ನ ಚೌಕ ಪರದೆಯ ಅಂಚಿಗೆ ಪೂರ್ತಿ ತಾಗುವುದಿಲ್ಲ. ಕೆಳಗೆ ಒಂದು ಬೆರಳಿನಷ್ಟು ಜಾಗ ಬಿಡುತ್ತದೆ. ಇಪ್ಪತ್ತನೇ ಸೆಕೆಂಡಿಗೆ ಆ ಬೆರಳಗಲದಲ್ಲಿ ಎರಡು ಬರಿಗಾಲು ಬಂದವು. ಎಡಗಾಲು ನೇರ. ಬಲಗಾಲು ಹೊರಕ್ಕೆ ಎಸೆದು. ಎಡಗಾಲು, ಬಲಗಾಲು.

“ಅವ್ರೇ,” ಅಂದರು ಅತ್ತಿಗೆ. “ನೋಡ್ದಾ? ಅವ್ರೇ.”

ಹತ್ತು ಸೆಕೆಂಡ್ ಅಣ್ಣ ನಡೆದ. ಅಷ್ಟರಲ್ಲಿ ಎಡದಿಂದ ಪಟ್ಟಿ ಜಾರಿ ಬಂದು, ‘ಎಂ. ಪುಟ್ಟಸ್ವಾಮಿ, ಬಿ.ಎಸ್ಸಿ., ಬಿ.ಎಡ್.’ ಅವನ ಪಾದಗಳ ಮೇಲೆ ನಿಂತಿತು. ಉಳಿದ ಮೂರೂವರೆ ನಿಮಿಷ ಅದು ಕದಲಲಿಲ್ಲ.

“ನಿನ್ ಹೆಸ್ರು ಒಸಿ ಸರ್ಸಕ್ ಆಗಕಿಲ್ವಾ ಪುಟ್ಟ?” ಅಂದರು ಅತ್ತಿಗೆ.

ಆಗುವುದಿಲ್ಲ ಎಂದೆ.

“ಹೋಗ್ಲಿ ಬುಡು. ಅದು ಬರಾಕ್ ಮುಂಚೆ ನಿಲ್ಲುಸ್ಕೊಡು. ನಂಗೆ ಆ ಬಟನ್ ಒತ್ತಕ್ ಬರಕಿಲ್ಲ.”

ಈಗ ತಿಂಗಳಿಗೊಂದು ಭಾನುವಾರ ಗುಂಡ್ಲುಪೇಟೆಗೆ ಹೋಗುತ್ತೇನೆ. ಅತ್ತಿಗೆ ಟಿವಿಯ ಮುಂದೆ ನೆಲದ ಮೇಲೆ ಕೂರುತ್ತಾರೆ, ಕಂಪ್ಯೂಟರ್ ಮೇಷ್ಟ್ರಾದ ನಾನು ರಿಮೋಟ್ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ಅಣ್ಣ ಬರುತ್ತಾನೆ, ನಡೆಯುತ್ತಾನೆ. ನನ್ನ ಹೆಸರು ಬಂದು ಅವನನ್ನು ತುಳಿಯುವ ಮುಂಚೆ ನಾನು ಬಟನ್ ಒತ್ತಬೇಕು. ಎರಡು ಸಲಕ್ಕೊಂದು ಸಲ ಸರಿಹೋಗುತ್ತದೆ.