ಅತ್ತಿಯ ಏಳು ಕಿಲೋ

ನಮ್ಮ ಅತ್ತಿಯ ಜೊತೆ ಒಮ್ಮೆ ಪ್ರಯಾಣ ಮಾಡಿ, ಆಮೇಲೂ ಆಕೆಯ ಸಂಗಡ ಮಾತು ಉಳಿಸಿಕೊಂಡವರು ಇಡೀ ಬೈಲಹೊಂಗಲ ತಾಲೂಕಿನಲ್ಲಿ ನಾನೊಬ್ಬಳೇ! ಜಂಬಕ್ಕೆ ಹೇಳುತ್ತಿಲ್ಲ. ಬೇಕಿದ್ದರೆ ನನ್ನ ಎಡಭುಜ ನೋಡಿ. ಚೀಲದ ಹಿಡಿಕೆ ಕೊರೆದ ಗುರುತು ಇನ್ನೂ ಹೋಗಿಲ್ಲ.

ಅತ್ತಿಯೆಂದರೆ ನನ್ನ ಅಪ್ಪನ ದೊಡ್ಡಕ್ಕ. ಹೆಸರು ಬೇಡ. ಇದನ್ನು ಯಾರಾದರೂ ಓದಿ ಆಕೆಗೆ ಹೇಳಿದರೆಂದರೆ, ಮುಂದಿನ ಸಲ ನನ್ನನ್ನೇ ಮಡಚಿ ಚೀಲದಲ್ಲಿ ತುರುಕಿಕೊಂಡು ಹೋದಾಳು. ಈಗ ನಾನು ಹೇಳಹೊರಟಿರುವುದು ಆಕೆ ಮೊದಲ ಬಾರಿ ವಿಮಾನ ಹತ್ತಿದ ಕತೆ. ನಗು ಬರುವಂಥದೇ. ಆದರೆ ಹೋದದ್ದು ಸಾಯುವವರನ್ನು ನೋಡಲಿಕ್ಕೆ. ಹಾಗಾಗಿ ನಗುವವರು ಸ್ವಲ್ಪ ಮೆಲ್ಲಗೆ ನಗಬೇಕು.

ಬೈಲಹೊಂಗಲದಿಂದ ಸಂಪಗಾಂವಕ್ಕೆ ಎಷ್ಟು ದೂರ? ಬಸ್ಸಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವುದರೊಳಗೆ ಊರು ಬಂದುಬಿಡುತ್ತದೆ. ಅಲ್ಲಿ ಒಂದು ಮದುವೆಗೆ ಹೊರಟಾಗ ಅತ್ತಿ ಕಟ್ಟಿದ ಚೀಲ ನಾನು ಕಣ್ಣಾರೆ ನೋಡಿದ್ದೇನೆ. ಕುಡಿಯುವ ನೀರು ಮನೆಯದೇ, ಹಾಸಿಕೊಳ್ಳಲು ಚಾದರ, ರೊಟ್ಟಿ, ಚಟ್ನಿಪುಡಿ, ಸೂಜಿ-ದಾರ, ಬ್ಯಾಟರಿ, ಎಲ್ಲದರ ತಳದಲ್ಲಿ ಒಂದು ದಪ್ಪ ಹಗ್ಗ.

"ಮದಿವಿ ಮನ್ಯಾಗ ಊಟ ಹಾಕ್ತಾರ ಅತ್ತಿ. ರೊಟ್ಟಿ ಯಾಕ?"

"ಸಾರು ಮುಗದಿರ್ತೈತಿ."

"ಹಗ್ಗ?"

"ಬಸ್ಸು ಕೆಟ್ಟು ನಿಂತ್ರ ಜಗ್ಗಾಕ ಬ್ಯಾಡೇನ?"

ಇಂಥವಳಿಗೆ ದೇವರು ಎಂಥ ಗಂಡನನ್ನು ಕೊಟ್ಟಿದ್ದ ಗೊತ್ತೇ? ಬಸ್ ಕಂಡಕ್ಟರನನ್ನು! ಒಂದು ಸಲ ಯರಗಟ್ಟಿಯ ಬಸ್ಸಿನಲ್ಲಿ ಮಾಮಾನದೇ ಡ್ಯೂಟಿ. ಅತ್ತಿ ಸಂತೆ ಮುಗಿಸಿ ಎರಡು ಗಂಟು ಹೊತ್ತು ಹತ್ತಿದ್ದಾಳೆ. ಮಾಮಾ ಎಲ್ಲರ ಎದುರಿಗೇ ಕೈ ಚಾಚಿ, "ಲಗೇಜ್ ತಿಕೀಟ್ ತಗೋಬೇಕ್ರಿ" ಎಂದ.

"ಯಾರು, ನಾನ?"

"ಬಸ್ಸಿನ್ಯಾಗ ನೀವೂ ಪ್ಯಾಸೆಂಜರ್ರ ರೀ."

ಅತ್ತಿ ಸೆರಗಿನ ಗಂಟು ಬಿಚ್ಚಿ ತಿಕೀಟು ಕೊಂಡಳು. ಮಾಮಾ ಮನೆಗೆ ಬಂದು ಊಟಕ್ಕೆ ಕೂತಾಗ ತಾಟಿನಲ್ಲಿ ಅರ್ಧ ರೊಟ್ಟಿ ಮಾತ್ರ ಇತ್ತು. ಇದೇನು ಎಂದು ತಲೆ ಎತ್ತಿದರೆ, "ಪೂರಾ ಬೇಕಂದ್ರ ತಿಕೀಟ್ ತಗೋಬೇಕ್ರಿ" ಎಂದಳಂತೆ!

ಮಾಮಾ ತೀರಿಕೊಂಡ ಮೇಲೆ ಚೀಲಗಳು ಇನ್ನೂ ದೊಡ್ಡವಾದವು. ಕೇಳುವವರಿರಲಿಲ್ಲ ನೋಡಿ.

ಅತ್ತಿಗೆ ಒಬ್ಬ ತಂಗಿ. ನಾನು ಆಕೆಯನ್ನು ಸಣ್ಣತ್ತಿ ಎನ್ನುತ್ತಿದ್ದೆ. ಹರೆಯದಲ್ಲೇ ನರ್ಸಿನ ಕೆಲಸ ಸಿಕ್ಕಿ ರಾಮದುರ್ಗದ ತವರುಮನೆಯಿಂದ ದಿಲ್ಲಿಗೆ ಹೋದವಳು. ಮದುವೆ ಆಗಲಿಲ್ಲ, ನೌಕರಿ ಮುಗಿದರೂ ವಾಪಸು ಬರಲಿಲ್ಲ. "ಇಲ್ಲಿ ಚಳಿ ನನಗ ರೂಢಿ ಆಗೇತಿ" ಎನ್ನುತ್ತಿದ್ದಳು. ಬೇಸಿಗೆಯ ಒಂದು ಮುಂಜಾನೆ ಆಕೆಯ ಫೋನು ಬಂತು. ಅತ್ತಿ ಸ್ಪೀಕರ್ ಹಾಕಿಯೇ ಮಾತಾಡುವವಳಾದ್ದರಿಂದ ನನಗೂ ಕೇಳಿಸಿತು.

"ಅಕ್ಕಾ, ಹೊಟ್ಟ್ಯಾಗ ಗಡ್ಡಿ ಐತಿ. ಎಲ್ಲಾ ಕಡೆ ಹಬ್ಬೇತಿ. ಇಂಥಾ ಪೇಶಂಟ್ ನಾ ಭಾಳ ನೋಡೇನಿ. ಔಷಧ ಕೇಳಬ್ಯಾಡ. ಬಾ."

ಅತ್ತಿ ಅಳಲಿಲ್ಲ. ಫೋನಿಟ್ಟವಳೇ ಅಟ್ಟದ ಮೇಲಿನ ಚೀಲ ಇಳಿಸಿದಳು.

ನಾನು ಕಿತ್ತೂರಿನ ಸಾಲಿಯಲ್ಲಿ ಮಾಸ್ತರಿಕೆ ಮಾಡುವವಳು. ಬೇಸಿಗೆ ಸೂಟಿಗೆಂದು ಅತ್ತಿಯ ಮನೆಗೆ ಬಂದಿದ್ದೆ. ಬೆಳಗಾವಿಯಿಂದ ದಿಲ್ಲಿಗೆ ಇಬ್ಬರಿಗೂ ವಿಮಾನದ ತಿಕೀಟು ಮಾಡಿಸಿದೆ. ಆಮೇಲೆ ಧೈರ್ಯ ತಂದುಕೊಂಡು ನಿಯಮ ಹೇಳಿದೆ. ದೊಡ್ಡ ಚೀಲ ಒಂದು, ಅದು ವಿಮಾನದ ಹೊಟ್ಟೆಗೆ. ಕೈಯಲ್ಲಿ ಒಂದೇ ಚೀಲ. ಏಳು ಕಿಲೋ. ಜಾಸ್ತಿ ಆದರೆ ಬಿಡುವುದಿಲ್ಲ.

"ಏಳು ಕಿಲೋ?" ಅತ್ತಿ ನನ್ನನ್ನೇ ನೋಡಿದಳು. "ನನ್ನ ಖಾರಪುಡಿ ಡಬ್ಬೀನ ಅಷ್ಟ ಐತಿ."

ದೊಡ್ಡ ಚೀಲವನ್ನು ಒಂದು ಗೇಣೂ ಬಿಡದಂತೆ ತುಂಬಿದಳು. ಕೈಚೀಲವನ್ನೂ ತುಂಬಿದಳು. ವಿಮಾನ ನಿಲ್ದಾಣದಲ್ಲಿ ಕೌಂಟರಿನ ಪಕ್ಕ ಒಂದು ಕಬ್ಬಿಣದ ಚೌಕಟ್ಟು ಇಟ್ಟಿದ್ದರು. ಕೈಚೀಲ ಅದರಲ್ಲಿ ಇಳಿದರೆ ಸರಿ, ಇಳಿಯದಿದ್ದರೆ ಇಲ್ಲ. ಅತ್ತಿಯ ಚೀಲ ಅರ್ಧ ಇಳಿದು, ಬಾವಿಗೆ ಬಿದ್ದ ಎಮ್ಮೆಯ ಹಾಗೆ ಸಿಕ್ಕಿಕೊಂಡಿತು. ಅತ್ತಿ ಮೊದಲು ತಟ್ಟಿದಳು, ಆಮೇಲೆ ಗುದ್ದಿದಳು, ಕೊನೆಗೆ ಅದರ ಮೇಲೆ ಕೂತಳು!

ಕೌಂಟರಿನ ಹುಡುಗಿ ನಮ್ಮ ಕಡೆಯವಳೇ. ನಗು ತಡೆದುಕೊಂಡು, "ಅಜ್ಜಿ, ಏಳ್ರಿ. ತೂಕಾನೂ ಜಾಸ್ತಿ ಬರ್ತೈತ್ರಿ ಅದು" ಎಂದಳು.

"ಯವ್ವಾ, ಒಂದ ಮಾತ ಹೇಳು. ನನ್ನ ತೂಕ ಕೇಳ್ತಿಯೇನ?"

"ಇಲ್ರಿ ಅಜ್ಜಿ. ನೀವ ಎಷ್ಟರ ದಪ್ಪ ಇರ್ರಿ. ಚೀಲ ದಪ್ಪ ಇರಬಾರದು."

"ಹಂಗನ್ನು ಮತ್ತ!"

ಅತ್ತಿ ಚೀಲದ ಬಾಯಿ ಬಿಚ್ಚಿದಳು. ಉಟ್ಟ ಸೀರೆಯ ಮೇಲೆ ಇನ್ನೊಂದು ಸೀರೆ ಸುತ್ತಿದಳು, ಅದರ ಮೇಲೆ ಚಾದರ ಹೊದ್ದಳು. ಚಟ್ನಿಪುಡಿಯ ಪೊಟ್ಟಣ ಸೊಂಟಕ್ಕೆ, ಔಷಧದ ಗಂಟು ಬಗಲಿಗೆ. ಉಳಿದದ್ದು ಚೌಕಟ್ಟಿನಲ್ಲಿ ಸರಾಗವಾಗಿ ಇಳಿಯಿತು. ಹೊರಗೆ ಕಾಗೆ ಬಾಯಿ ಬಿಡುವಂಥ ಬಿಸಿಲು. ನಮ್ಮೂರ ಮಾರ್ಕೆಟ್ಟಿನ ಹತ್ತಿ ತುಂಬಿದ ಅಂಡಿಗೆಯೊಂದು ಕಾಲು ಮೂಡಿ ನಡೆದಂತೆ ಅತ್ತಿ ವಿಮಾನ ಹತ್ತಿದಳು!

ದಿಲ್ಲಿಯಲ್ಲಿ ನಗುವಂಥದ್ದು ಇರಲಿಲ್ಲ. ಇದ್ದದ್ದು ಸ್ವಲ್ಪ, ಅದೂ ಅಕ್ಕತಂಗಿಯರಿಬ್ಬರದೇ.

ಸಣ್ಣತ್ತಿ ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ಎಂದು ಹುಡುಕುವ ಹಾಗಿದ್ದಳು. ಚಾದರ ಎಲ್ಲಿ ಉಬ್ಬಿದೆಯೋ ಅಲ್ಲಿ ಹೊಟ್ಟೆ, ಉಳಿದ ಕಡೆ ಬರೀ ಚಾದರ. ಅಕ್ಕನ ಅವತಾರ ನೋಡಿ ಆಕೆಯ ಕಣ್ಣು ಅರಳಿದವು.

"ಇಷ್ಟೆಲ್ಲಾ ಹೊತ್ಕೊಂಡ ಬಂದೀಯಲ್ಲ, ನನ್ನ ಸಂಗಾಟ ಇರಾಕ ಬಂದೀಯೋ, ನನ್ನ ಕಳಸಾಕ ಬಂದೀಯೋ?"

"ಎರಡಕ್ಕೂ" ಎಂದಳು ಅತ್ತಿ.

ಹೊತ್ತು ತಂದ ಯಾವುದನ್ನೂ ಸಣ್ಣತ್ತಿ ತಿನ್ನಲಾಗಲಿಲ್ಲ. ನೀರೂ ಇಳಿಯುತ್ತಿರಲಿಲ್ಲ. ಗುರೆಳ್ಳು ಚಟ್ನಿಯ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿ ಎಂದಳು. ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದಳು. "ಉಪ್ಪ ಕಡಿಮಿ ಆಗೇತಿ" ಎಂದಳು.

"ಮೂಸಿದರ ಉಪ್ಪ ಗೊತ್ತಾಕ್ಕೈತೇನ?"

"ನೀ ಮಾಡಿದ್ದಲ್ಲ? ಯಾವತ್ತೂ ಕಡಿಮೀನ."

ಇನ್ನೊಂದು ದಿನ ನನ್ನೆದುರಿಗೇ ಹೇಳಿದಳು: "ಅಕ್ಕಾ, ಯಮುನಾದಾಗ ಬಿಡಬ್ಯಾಡ ನನ್ನ. ಇಲ್ಲಿ ನೀರು ನಾ ನೋಡೇನಿ. ಮಲಪ್ರಭಾಕ್ಕ ಒಯ್ಯಿ. ನಮ್ಮ ರಾಮದುರ್ಗದ ಹೊಳಿಗೆ." ಅತ್ತಿ ಹೂಂ ಎಂದಳು. ಅದಾದ ಮೇಲೆ ಸಣ್ಣತ್ತಿ ಹೆಚ್ಚು ಮಾತಾಡಲಿಲ್ಲ. ಒಂದು ಮುಂಜಾನೆ ಅತ್ತಿ ಆಕೆಯ ಕೂದಲು ಬಾಚುತ್ತಿದ್ದಳು. ಬಾಚುತ್ತಲೇ ಇದ್ದಳು. ನರ್ಸು ಬಂದು ಕೈ ಹಿಡಿದು ನಿಲ್ಲಿಸಬೇಕಾಯಿತು.

ದಹನ ಮಾಡಿದವರು ಬೂದಿ ಮತ್ತು ಎಲುಬು ಹಾಕಿದ ಮಣ್ಣಿನ ಗಡಿಗೆಯನ್ನು ಕೆಂಪು ಬಟ್ಟೆ ಕಟ್ಟಿ ಕೊಟ್ಟರು. ಸಣ್ಣತ್ತಿಯ ಬಾಡಿಗೆ ಕೋಣೆ ಖಾಲಿ ಮಾಡಿದೆವು. ಪಾತ್ರೆಪಗಡೆ ನೆರೆಯವರಿಗೆ. ಸ್ವೆಟರು, ಶಾಲುಗಳನ್ನು ಮಾತ್ರ ಅತ್ತಿ ಯಾರಿಗೂ ಕೊಡಲಿಲ್ಲ. ದೊಡ್ಡ ಚೀಲಕ್ಕೆ ಹಿಡಿಸುವಷ್ಟು ತುಂಬಿ, ಉಳಿದದ್ದನ್ನು ತನ್ನ ಕೈಚೀಲಕ್ಕೂ ನನ್ನ ಕೈಚೀಲಕ್ಕೂ ತುರುಕಿದಳು. ನಾನು ಬೇಡ ಎನ್ನಲಿಲ್ಲ. ಎನ್ನುವ ಧೈರ್ಯ ಯಾರಿಗಿತ್ತು?

ದಿಲ್ಲಿಯ ನಿಲ್ದಾಣದಲ್ಲಿ ತಪಾಸಣೆಯ ಓಡುವ ಪಟ್ಟಿಯ ಮೇಲೆ ಗಡಿಗೆ ಇಡಿ ಎಂದರು. ಮರಣದ ಪತ್ರ, ದಹನದ ಪತ್ರ ಎಲ್ಲ ತೋರಿಸಿದೆ. ಆದರೂ ಯಂತ್ರದಲ್ಲಿ ಹಾದು ಬರಲೇಬೇಕಂತೆ.

"ಏನ ಮಾಡ್ತಾರ ಅದರಾಗ?" ಅತ್ತಿ ಕೇಳಿದಳು.

"ಎಕ್ಸ್‌ರೇ ಇದ್ದಂಗ ಅತ್ತಿ. ಒಳಗ ಏನೈತಿ ಅಂತ ನೋಡ್ತಾರ."

"ಇನ್ನೂ ಒಂದ ಎಕ್ಸ್‌ರೇನ?" ಎಂದವಳು ಗಡಿಗೆಯ ಮೇಲಿನ ಬಟ್ಟೆ ಸರಿಮಾಡಿದಳು. "ಹೋಗಿ ಬಾ. ಇದ ಕಡೀದು."

ಅಲ್ಲಿಂದ ಪಾರಾಗಿ ವಿಮಾನಕ್ಕೆ ಬಿಡುವ ಗೇಟಿಗೆ ಬಂದೆವು. ಅಲ್ಲೊಬ್ಬ ಟೈ ಕಟ್ಟಿದ ತರುಣ, ಪಕ್ಕದಲ್ಲಿ ಅದೇ ಕಬ್ಬಿಣದ ಚೌಕಟ್ಟು, ಒಂದು ತೂಕದ ಯಂತ್ರ. ಅವನು ಸಾಲಿನಲ್ಲಿದ್ದವರನ್ನೆಲ್ಲ ತಡೆದು ತಡೆದು ನೋಡುತ್ತಿದ್ದ. ಅತ್ತಿಯ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಗಡಿಗೆ. ಅವನು ಹಿಂದಿಯಲ್ಲಿ ಹೇಳಿದ, "ಒಬ್ಬರಿಗೆ ಒಂದೇ. ಎರಡರಲ್ಲಿ ಒಂದು."

ನನ್ನ ಚೀಲಕ್ಕೆ ಇನ್ನೊಂದು ಕರವಸ್ತ್ರವೂ ಹಿಡಿಸುವಂತಿರಲಿಲ್ಲ. ಇದರಲ್ಲಿ ಏನಿದೆ ಗೊತ್ತೇ ಎಂದು ಅವನಿಗೆ ಹೇಳಹೊರಟೆ. ಅವನು ಕೇಳಿಸಿಕೊಳ್ಳದೆ ಗಡಿಗೆ ತೆಗೆದುಕೊಂಡು ಯಂತ್ರದ ಮೇಲೆ ಇಟ್ಟುಬಿಟ್ಟ. ಕೆಂಪು ಅಂಕಿ ಮಿಣುಕಿತು.

"ಎಷ್ಟಂತ?" ಎಂದಳು ಅತ್ತಿ.

"ಮೂರ ಕಿಲೋನೂ ಇಲ್ಲ ಅತ್ತಿ."

ಅತ್ತಿ ಆ ಅಂಕಿಯನ್ನೇ ನೋಡುತ್ತ ನಿಂತಳು. ಹಿಂದಿದ್ದವರು ಗೊಣಗುತ್ತಿದ್ದರು.

"ಹುಟ್ಟಿದಾಗ ಇಷ್ಟ ಇದ್ಳವಾ" ಎಂದಳು. "ಆವಾಗ ಯಾರೂ ತೂಗಿದ್ದಿಲ್ಲ. ಆದರ ನನ್ನ ಕೈಗೆ ಗೊತ್ತೈತಿ."

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಗಡಿಗೆಯಲ್ಲಿ ಏನಿದೆಯೆಂದೂ ಹೇಳಿದೆ. ಆ ತರುಣ ಚಟ್ಟನೆ ಕೈ ಹಿಂದೆಗೆದ. ಒಮ್ಮೆ ಗಡಿಗೆ, ಒಮ್ಮೆ ಅತ್ತಿಯ ಮುಖ ನೋಡಿದ. ನಿಯಮ ಅವನ ಕೊರಳಿನ ಟೈಗಿಂತ ಬಿಗಿಯಾಗಿತ್ತು, ಪಾಪ! ಅವನ ಹಿಂದೆ ಅವನ ಮೇಲಿನವರು ನಿಂತಿದ್ದರು. ಚೀಲ ಬೇಕಾದರೆ ವಿಮಾನದ ಹೊಟ್ಟೆಗೆ ಕಳಿಸುತ್ತೇನೆ ಎಂದು ಮೆಲ್ಲಗೆ ಹೇಳಿದ.

"ಬ್ಯಾಡ" ಎಂದಳು ಅತ್ತಿ.

ಚೀಲ ಬಿಚ್ಚಿ ಸಣ್ಣತ್ತಿಯ ಬಟ್ಟೆ ಒಂದೊಂದಾಗಿ ಹಾಕಿಕೊಳ್ಳತೊಡಗಿದಳು. ಚಳಿಗಾಲದ ದಪ್ಪ ಸ್ವೆಟರು, ಅದರ ಮೇಲೆ ಡ್ಯೂಟಿಗೆ ಹಾಕಿಕೊಳ್ಳುತ್ತಿದ್ದ ನೀಲಿ ಕೋಟು, ಕೊರಳಿಗೆ ಮಫ್ಲರು, ಹೆಗಲ ಮೇಲೆ ಎರಡೆರಡು ಶಾಲು. ಬೇಸಿಗೆಯ ದಿಲ್ಲಿಯಲ್ಲಿ! ಸಾಲಿನಲ್ಲಿದ್ದ ಕೆಲವರು ನಕ್ಕರು. ಖಾಲಿ ಚೀಲವನ್ನು ಮಡಚಿ ಕೋಟಿನ ಕಿಸೆಯಲ್ಲಿಟ್ಟು, ಎರಡೂ ಕೈ ಚಾಚಿ ಗಡಿಗೆ ಎತ್ತಿಕೊಂಡಳು.

"ಈಗ ಒಂದ ಐತಿ. ಬಿಡಂತ ಹೇಳು."

ಆ ತರುಣ ತಲೆ ತಗ್ಗಿಸಿ ದಾರಿ ಬಿಟ್ಟ. ನಾನು ಹಿಂದಿನಿಂದ ಬರುತ್ತಿದ್ದೆ. ನೀಲಿ ಕೋಟು, ಸಣ್ಣ ನಡಿಗೆ. ಒಂದು ಗಳಿಗೆ ಸಣ್ಣತ್ತಿಯೇ ಡ್ಯೂಟಿಗೆ ಹೊರಟಂತೆ ಇತ್ತು.

ಮುಗಿಯಿತು ಎಂದುಕೊಂಡಿರಾ? ವಿಮಾನದ ಒಳಗೆ ಗಗನಸಖಿ ಬಂದಳು. ಗಡಿಗೆ ತೊಡೆಯ ಮೇಲೆ ಇರಕೂಡದು. ಒಂದೋ ಮೇಲಿನ ಡಬ್ಬಿಗೆ, ಇಲ್ಲವೇ ಮುಂದಿನ ಸೀಟಿನ ಕೆಳಗೆ.

"ಡಬ್ಬ್ಯಾಗ ಇಟ್ಟು ಮುಚ್ಚಬ್ಯಾಡ್ರಿ" ಎಂದಳು ಅತ್ತಿ ಶುದ್ಧ ಕನ್ನಡದಲ್ಲಿ. "ಆಕಿಗೆ ಕತ್ತಲಿ ಅಂದ್ರ ಅಂಜಿಕಿ."

ನಾನು ಅನುವಾದಿಸಲಿಲ್ಲ. ಹೇಗೆ ಅನುವಾದಿಸಲಿ? ಗಗನಸಖಿ ಸೀಟಿನ ಕೆಳಗೆ ತೋರಿಸಿದಳು. ಅತ್ತಿ ಅಲ್ಲಿ ನೋಡಿದಳು, ತನ್ನ ಕಾಲು ನೋಡಿಕೊಂಡಳು. ಚಪ್ಪಲಿ ಕಳಚಿ ನನ್ನ ಕಡೆ ಸರಿಸಿ, ಹೊದ್ದ ಶಾಲೊಂದನ್ನು ಕೆಳಗೆ ಹಾಸಿ, ಅದರ ಮೇಲೆ ಗಡಿಗೆ ಕೂರಿಸಿದಳು. ಆಮೇಲೆ ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊಣಕಾಲು ನೋವಿನಿಂದ ಗುಡಿಯಲ್ಲೂ ಕುರ್ಚಿ ಕೇಳುವ ಮುದುಕಿ! ಕಾಲು ಕೆಳಗೆ ಬಿಡು ಅತ್ತಿ ಎಂದೆ.

"ನಾ ಬಗಲಾಗ ಹೊತ್ತು ಬೆಳಸಿದಾಕಿ. ಆಕಿಗೆ ಕಾಲ ಹಚ್ಚಲೇನ?"

ಬೆಳಗಾವಿ ಬರುವವರೆಗೂ ಕಾಲು ಇಳಿಸಲಿಲ್ಲ. ಬಂದ ಮೇಲೆ ಇಳಿಸಲು ಆಗಲಿಲ್ಲ! ಎರಡೂ ಕಾಲು ಜೋಮು ಹಿಡಿದು ಮರದ ಕೊರಡಾಗಿದ್ದವು. ಗಾಲಿ ಕುರ್ಚಿ ತರಿಸಿ ಇಬ್ಬರು ಎತ್ತಿ ಕೂರಿಸಿದರು. ಬೆವರಿನಲ್ಲಿ ಮುಳುಗಿ, ಸ್ವೆಟರು ಮಫ್ಲರಿನ ಸಮೇತ, ಗಡಿಗೆ ತೊಡೆಯ ಮೇಲಿಟ್ಟುಕೊಂಡು ಅತ್ತಿ ಹೊರಗೆ ಬಂದಳು.

ಮರುದಿನ ಸವದತ್ತಿ ದಾಟಿ ರಾಮದುರ್ಗಕ್ಕೆ ಹೋದೆವು. ಹೊಳೆಯಲ್ಲಿ ನೀರು ಬಹಳ ಇರಲಿಲ್ಲ. ಬಂಡೆಗಳ ನಡುವೆ ಮೊಣಕಾಲುದ್ದ ನಿಂತಿತ್ತು. ಅತ್ತಿ ನನ್ನನ್ನು ದಂಡೆಯಲ್ಲೇ ನಿಲ್ಲಿಸಿ ತಾನೊಬ್ಬಳೇ ಇಳಿದಳು. ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಗಡಿಗೆ ಬಗ್ಗಿಸಿದಾಗ ಏನೋ ಹೇಳುತ್ತಿರುವುದು ಕೇಳಿಸಿತು. ಮಂತ್ರವೆಂದುಕೊಂಡೆ. ಅಲ್ಲ, ಬೈಯುತ್ತಿದ್ದಳು.

"ದಿಲ್ಲಿಗೆ ಹೋಗುವಾಗ ಕೇಳಿದ್ಯಾ ನನ್ನ? ಈಗರ ಯಾಕ ಕೇಳ್ತಿ? ಹೋಗು. ಸಾವಕಾಶ ಹೋಗು."

ಬೂದಿ ಒಂದಷ್ಟು ಹೊತ್ತು ಆಕೆಯ ಕಾಲ ಸುತ್ತಲೇ ತಿರುಗಿ, ಆಮೇಲೆ ಹರಿವು ಸಿಕ್ಕಿ ಹೋಯಿತು. ಗಡಿಗೆಯನ್ನೂ ಬಿಟ್ಟಳು. ಬಿಟ್ಟ ಮೇಲೆ ಅಲ್ಲೇ ನಿಂತಳು. ಸೆರಗು ಹಿಡಿದಳು, ಬಿಟ್ಟಳು, ಸೊಂಟದ ಮೇಲೆ ಕೈ ಇಟ್ಟಳು, ತೆಗೆದಳು. ಕೈಗಳನ್ನು ಎಲ್ಲಿ ಇಡಬೇಕೆಂದೇ ಆಕೆಗೆ ತಿಳಿಯುತ್ತಿರಲಿಲ್ಲ.

ನಾನು ನೀರಿಗಿಳಿದು ಕೈ ಚಾಚಿದೆ. ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಅತ್ತಿಯ ಕೈ ಹಿಡಿದದ್ದು ಅದೇ ಮೊದಲು. ಎಷ್ಟು ಸಣ್ಣ ಕೈ! ಒದ್ದೆಯಾಗಿ, ತಣ್ಣಗಿತ್ತು. ದಂಡೆ ಹತ್ತಿದರೂ ಬಿಡಲಿಲ್ಲ. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನ ತನಕ ನಡೆದರೂ ಬಿಡಲಿಲ್ಲ.