ಐರ್ಲೆಂಡ್ ಪದ್ಧತಿಯ ಭಜನೆ

ಶ್ರೀದೇವಿ, ಬಸು, ನಿಮ್ಮ ಅಜ್ಜನ ತಂಗಿ, ಅಂದರೆ ನನ್ನ ನಾದಿನಿ, ಐರ್ಲೆಂಡಿಗೆ ಹೋಗಿ ಬಂದಿದ್ದಾಳೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸಂಗೊಳ್ಳಿಯಿಂದ ರಾಮದುರ್ಗ ಮುಟ್ಟುವಷ್ಟರಲ್ಲೇ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುವವಳು ಅವಳು. ಆದರೂ ಮಾತು ಕೇಳಿದರೆ ಐರ್ಲೆಂಡಿನಲ್ಲಿ ಅವಳದೇ ಎರಡು ಎಕರೆ ಜೋಳ ನಿಂತಿದೆ ಅನ್ನಬೇಕು!

ತಪ್ಪು ನಿನ್ನದೇ ಶ್ರೀದೇವಿ. ರಜೆಗೆ ಬಂದವಳು ಮೊಬೈಲಿನಲ್ಲಿ ಐರ್ಲೆಂಡಿನ ಹಳೇ ಹಾಡಿನ ಮೇಳವೊಂದನ್ನು ತೋರಿಸಿದೆ. ನಮ್ಮ ಭಜನೆಯಲ್ಲಿ ಅಂಗೈಯಿಂದ ದಮ್ಮಡಿ ಬಾರಿಸುವ ನಾದಿನಿ ಕನ್ನಡಕ ಏರಿಸಿ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದಳು. ಕೆಂಪು ಗಡ್ಡದವನ ಕೈಯಲ್ಲಿ ಅಗಲವಾದ ದಮ್ಮಡಿ. “ಕೋಲಿಲೆ ಬಾರಸ್ತಾನಲ್ಲ, ಅಂಗೈಗೆ ಮೆಹಂದಿ ಹಚ್ಯಾನೇನು?” ಪಿಟೀಲಿನ ಮುದುಕಿ ಅದನ್ನು ಗದ್ದಕ್ಕೆ ಒತ್ತಿಕೊಂಡಿದ್ದಳು. “ಪಾಪ, ನಿದ್ದಿ ಬಂದೈತಿ ಆಕಿಗೆ.” ಇನ್ನೊಬ್ಬ ಪುಟ್ಟ ಹಾರ್ಮೋನಿಯಂ ಪೇಟಿಯನ್ನು ಎರಡೂ ಕೈಯಲ್ಲಿ ಜಗ್ಗಿ ಒತ್ತುತ್ತಿದ್ದ. “ಒಗದ ಸೀರಿ ಹಿಂಡಿದಂಗ ಹಿಂಡತಾನ. ಆದ್ರ ದನಿ ಛಲೋ ಐತಿ.” ಕೊಳಲಿನ ಹುಡುಗಿ ಮಾತ್ರ ಪಾಸಾದಳು.

ಅಷ್ಟಕ್ಕೇ ಮುಗಿದಿದ್ದರೆ ಊರು ನೆಮ್ಮದಿಯಾಗಿರುತ್ತಿತ್ತು. ಆದರೆ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ, ಕೇಳುವವರಿಗೆ ಬೆನ್ನು ಕೊಟ್ಟು ದುಂಡಗೆ ಕೂತಿದ್ದರು. ಮುಂದಿನ ಸೋಮವಾರವೇ ನಾದಿನಿ ಗುಡಿಯಲ್ಲಿ ನಮ್ಮ ಹೆಂಗಸರ ಭಜನೆಯನ್ನೂ ಹಾಗೇ ಕೂರಿಸಿದಳು.

“ದೇವರಿಗೆ ಬೆನ್ನ ಮಾಡೂದೇನವ್ವಾ?” ಎಂದರು ಪೇಟಿ ಬಾರಿಸುವ ಶಾಲೆಯ ಅಕ್ಕೋರು.

“ದೇವರು ಎಲ್ಲಾ ಕಡೆ ಅದಾನಂತ ನೀವ ಹಾಡತೀರಲ್ರಿ. ಕುಂದರ್ರಿ.”

ನಿಮ್ಮ ಅಜ್ಜ ಹೋದಮೇಲೆ ನಾನು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತು ತಾಳ ಹಾಕುತ್ತಿದ್ದೆ. ನನಗೆ ಅದೇ ಹಿತವೆಂದು ಎಲ್ಲರೂ ಅಂದುಕೊಂಡಿದ್ದರು, ನಾನೂ. ಅವತ್ತು ಅವಳು ನನ್ನನ್ನು ತನ್ನ ಮಗ್ಗುಲಿಗೇ ಎಳೆದುಕೊಂಡಳು.

ಆಮೇಲೆ ಬೈಲಹೊಂಗಲದಲ್ಲಿ ಸಂಬಂಧಿಕರ ಹೊಸ ಮನೆಯ ವಾಸ್ತುಶಾಂತಿಗೆ ನಮ್ಮನ್ನು ಕರೆದರು. ಅಲ್ಲೂ ದುಂಡಗೆ ಕೂತು ಇನ್ನೇನು ಹಾಡು ಎತ್ತಬೇಕು, ಮನೆಯ ಹಿರಿಯಾಕೆ ಬಂದು ನನ್ನ ಕಡೆ ಕಣ್ಣು ತೋರಿಸಿ ನಾದಿನಿಗೆ ಮೆಲ್ಲಗೆ, “ಶುಭಕಾರ್ಯ ಐತಿ. ನಿಮ್ಮ ವೈನಿ ಹಿಂದ ಕುಂತ್ರ ಛಲೋ” ಎಂದರು. ಗಂಡನಿಲ್ಲದವಳು ಎಂಬ ಮಾತನ್ನು ನುಂಗಿಕೊಂಡರು. ನಾನು ತಾಳವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಏಳತೊಡಗಿದೆ. ನಾದಿನಿ ನನ್ನ ಸೀರೆಯ ಮೇಲೆ ಮೊಣಕಾಲು ಊರಿ ಕೂತುಬಿಟ್ಟಳು.

“ಹಿಂದ ಅಂದ್ರ ಎಲ್ರಿ? ಬೆರಳ ಮಾಡಿ ತೋರಸ್ರಿ.”

ಹಿರಿಯಾಕೆ ಬಾಗಿಲ ಕಡೆ ತೋರಿಸಿದರು.

“ಅಲ್ಲಿ ಅಕ್ಕೋರು ಕುಂತಾರ. ಅವರ ಗಂಡ ಗಟ್ಟಿ ಅದಾರ್ರಿ, ಹೊರಗ ಚಾ ಕುಡ್ಯಾಕ ಹತ್ಯಾರ.”

ಗೋಡೆಯ ಕಡೆ ತೋರಿಸಿದರು.

“ಅಲ್ಲಿ ನಿಮ್ಮ ಬೀಗತಿ. ಎಬ್ಬಸ್ಲೇನು?”

ಬೆರಳು ಗಾಳಿಯಲ್ಲೇ ನಿಂತಿತು.

“ಇದು ಐರ್ಲೆಂಡ್ ಪದ್ಧತಿರಿ. ಇದರಾಗ ಹಿಂದ ಅನ್ನೂದ ಇಲ್ಲ. ಬ್ಯಾಡ ಅಂದ್ರ ಎಲ್ಲಾರೂ ಏಳತೀವಿ.”

ಅಕ್ಕೋರು ಪೇಟಿಯ ಮುಚ್ಚಳಕ್ಕೆ ಕೈ ಹಾಕಿದರು. ಹಿರಿಯಾಕೆ ಅಡುಗೆಮನೆಗೆ ಹೋದರು.

ಹಾಡು ಎತ್ತಿದೆವು. ನನ್ನ ತಾಳ ತಪ್ಪಿತು. ತಾಳ ತಪ್ಪಿದವರಿಗೆ ಕಣ್ಣು ಕೆಕ್ಕರಿಸುವ ಅವಳು ಅವತ್ತು ನನ್ನ ಕಡೆ ನೋಡಲೇ ಇಲ್ಲ. ಸುಮ್ಮನೆ ದಮ್ಮಡಿಯನ್ನು ನನ್ನ ತಪ್ಪಿಗೇ ಹೊಂದಿಸಿದಳು. ಪೇಟಿ ಅವಳ ಜೊತೆ ಬಂತು, ಹಾಡುವವರೂ ಬಂದರು. ಕೈ ಹತೋಟಿಗೆ ಬರುವವರೆಗೂ ಮೇಳವೆಲ್ಲ ನನ್ನ ನಡಿಗೆಯಲ್ಲೇ ನಡೆಯಿತು.

ಇದನ್ನು ಅವಳ ಎದುರು ಓದಬೇಡಿ, ಬೈಯುತ್ತಾಳೆ. ಆದರೆ ನಾನು ಬರೆದ ಈ ಹಾಳೆಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.