ಈ ಕೂಪನ್ ಜೋಡಿಗೆ ಮಾತ್ರ

ನಾವು ಗಂಡ-ಹೆಂಡತಿ ಕೂಪನ್ ಹಿಡಿದು ಮನೆಯಿಂದ ಹೊರಟರೆ ಏನಾದರೊಂದು ಫಜೀತಿ ಮಾಡಿಕೊಳ್ಳದೆ ವಾಪಸ್ ಬಂದಿದ್ದೇ ಇಲ್ಲ. ಬೇಕಂತ ಮಾಡುವುದಲ್ಲ. ತಾನಾಗಿಯೇ ಆಗುತ್ತದೆ.

ನಾನು ಬೆಳಗಾವಿಯ ಆಟೋ ನಗರದ ಒಂದು ಲೇತ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಮ್ಮಾಕಿ ಖಾನಾಪುರದವಳು, ಅಲ್ಲಿಯೇ ಕನ್ನಡ ಸಾಲಿಯ ಟೀಚರ್. ರಾಮತೀರ್ಥ ನಗರದ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ವಾರದ ಆರು ದಿನ ಒಬ್ಬರ ಮುಖ ಒಬ್ಬರು ನೋಡುವುದು ಡಬ್ಬಿ ಕಟ್ಟುವಾಗ, ಡಬ್ಬಿ ತೊಳೆಯುವಾಗ. ಏಳನೆಯ ದಿನ ನಾನು ಮಲಗಿಬಿಡುತ್ತಿದ್ದೆ. ಹೀಗಿರುವಾಗ ಒಮ್ಮೆ ಅವಳ ಸಾಲಿಗೆ ಬಂದಿದ್ದ ಮಹಿಳಾ ಮಂಡಳದವರು ಒಂದು ಕೂಪನ್ ಪುಸ್ತಕ ಮಾರಿ ಹೋದರು. ಪುಟಕ್ಕೊಂದು ಅಂಗಡಿ, ಪುಟಕ್ಕೊಂದು ಹೋಟೆಲು, ಪ್ರತಿ ಪುಟದ ಕೆಳಗೂ ಒಂದು ಕೊನೆಯ ತಾರೀಖು. ಆ ತಾರೀಖು ತೋರಿಸಿ ಅವಳು ನನ್ನನ್ನು ಹಾಸಿಗೆಯಿಂದ ಎಬ್ಬಿಸಿದಳು. ಅಂದಿನಿಂದ ನಾನು ಭಾನುವಾರ ಮಲಗಿಲ್ಲ.

ಪುರಾವೆ

ಮೊದಲನೆಯದು ಒಂದು ಊಟದ ಹೋಟೆಲಿನ ಕೂಪನ್. ಒಂದು ಊಟಕ್ಕೆ ಇನ್ನೊಂದು ಊಟ ಉಚಿತ, ಆದರೆ ವಿವಾಹಿತ ಜೋಡಿಗೆ ಮಾತ್ರ ಎಂದು ಬರೆದಿತ್ತು. ಮ್ಯಾನೇಜರ್ ಹೊಸಬ, ಬಹಳ ನಿಯತ್ತಿನ ಮನುಷ್ಯ. ಹಿಂದಿನ ವಾರ ಕಾಲೇಜಿನ ಹುಡುಗರು ಜೋಡಿ ಅಂತ ಹೇಳಿ ಉಂಡು ಹೋಗಿದ್ದರಂತೆ. ಮಾಲಕರು ಬೈದಿದ್ದರಂತೆ. ಹಾಗಾಗಿ ಏನಾದರೂ ಪುರಾವೆ ತೋರಿಸಬೇಕು ಎಂದು ಕೈ ಮುಗಿದು ಕೇಳಿದ.

ನನ್ನ ಆಧಾರ್ ಕಾರ್ಡಿನಲ್ಲಿ ನಮ್ಮಪ್ಪನ ಹೆಸರು, ಅವಳ ಕಾರ್ಡಿನಲ್ಲಿ ಅವರಪ್ಪನ ಹೆಸರು. ಎರಡನ್ನೂ ಬಾಜುಬಾಜು ಇಟ್ಟು ನೋಡಿದರೆ ನಾವು ಪರಸ್ಪರ ಪರಿಚಯದವರು ಅಂತಲೂ ಹೇಳುವಂತಿರಲಿಲ್ಲ. ಅವಳು ತಾಳಿ ತೋರಿಸಿದಳು. ಆತ ಬಹಳ ಸಂಕೋಚದಿಂದ, ತಾಳಿಯ ಮೇಲೆ ಸರ್ ಹೆಸರು ಇಲ್ಲಲ್ರಿ ಅಂದ.

ಇರಲಿ, ಅವನು ಯೋಚಿಸುತ್ತಿರಲಿ ಎಂದು ನಾನು ವೇಟರನಿಗೆ ಎಣ್ಣೆಗಾಯಿ ಖಾರ ಜಾಸ್ತಿ ಇರಲಿ ಅಂತ ಹೇಳಿದೆ. ಅವಳು ಅದನ್ನು ಅಲ್ಲಿಯೇ ತಡೆದು, ನಿನ್ನೆ ಎದಿ ಉರಿ ಅಂತ ಮಜ್ಜಿಗಿ ಕುಡಿದವರು ಯಾರು ಎಂದು ಕೇಳಿದಳು. ಅದು ನೀ ಮಾಡಿದ ಪಲ್ಲೆಯಿಂದ ಅಂದೆ. ಪಲ್ಲೆಯಿಂದಾಗಿದ್ದರೆ ಮೂರು ಸಲ ಯಾಕೆ ಹಾಕಿಸಿಕೊಂಡಿರಿ ಅಂದಳು. ಹಾಕಿಸಿಕೊಳ್ಳದಿದ್ದರೆ ಮುಖ ಯಾರು ಉಬ್ಬಿಸುತ್ತಿದ್ದರು ಎಂದು ನಾನು ಕೇಳಿದೆ. ಅಲ್ಲಿಂದ ಮಾತು ನನ್ನ ತಂಗಿಯ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿ, ಅಲ್ಲಿ ನಾನು ಹೋಳಿಗೆ ಹೊಗಳಿದ್ದಕ್ಕೆ ಹೋಗಿ, ಇನ್ನೇನು ಅವಳ ಅಣ್ಣನ ಹತ್ತಿರ ಬರುವುದರಲ್ಲಿತ್ತು.

ಮ್ಯಾನೇಜರ್ ಮೆಲ್ಲಗೆ ಕೂಪನ್ ತೆಗೆದುಕೊಂಡು ಠಸ್ಸೆ ಒತ್ತಿದ. "ಸಾಕ್ರಿ ಸರ. ಇಷ್ಟು ಪುರಾವೆ ಆಧಾರ್ ಕಾರ್ಡಿನ್ಯಾಗೂ ಇರೂದಿಲ್ಲ."

ಉಚಿತ ಖಣ

ವಡಗಾವಿಯಲ್ಲಿ ನೇಕಾರರೊಬ್ಬರು ಮನೆಯ ಮುಂದಿನ ಕೋಣೆಯಲ್ಲೇ ಸೀರೆ ಮಾರುತ್ತಾರೆ. ಎರಡು ಸೀರೆ ಕೊಂಡರೆ ಒಂದು ಕುಪ್ಪಸದ ಖಣ ಉಚಿತ. ನಮ್ಮಾಕಿಗೆ ಬೇಕಾಗಿದ್ದು ಒಂದೇ ಸೀರೆ. ಅಲ್ಲಿ ಕೂತಿದ್ದ ಇನ್ನೊಬ್ಬ ಹೆಣ್ಣುಮಗಳಿಗೂ ಬೇಕಾಗಿದ್ದು ಒಂದೇ. ಇಬ್ಬರೂ ಕಣ್ಣಲ್ಲೇ ಮಾತಾಡಿಕೊಂಡು ಸೇರಿ ಕೊಳ್ಳುವುದೆಂದು ಠರಾವು ಮಾಡಿದರು.

ಸೀರೆ ಆರಿಸಲು ಒಂದು ತಾಸು ಹಿಡಿಯಿತು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಒಳಗಿನ ಮಗ್ಗದ ಸದ್ದು ಕೇಳುತ್ತಿದ್ದೆ. ಎಲ್ಲೋ ಒಂದು ಬೋಲ್ಟು ಸಡಿಲಾದ ಸದ್ದು. ಕೈ ಸುಮ್ಮನಿರಲಿಲ್ಲ. ಒಳಗೆ ಹೋಗಿ ಪಾನಾ ಕೇಳಿ ಬಿಗಿದು ಕೊಟ್ಟೆ. ಅದಕ್ಕೆ ಯಾವ ಕೂಪನ್ನೂ ಇಲ್ಲದೆ ಎರಡು ಸಲ ಚಹಾ ಬಂತು.

ಅಷ್ಟೊತ್ತಿಗೆ ಮುಂದಿನ ಕೋಣೆಯಲ್ಲಿ ಖಣ ಯಾರಿಗೆ ಎಂಬ ಪ್ರಶ್ನೆ ಎದ್ದಿತ್ತು. ಜಗಳವಾಗಿದ್ದರೆ ಬೇಗ ಮುಗಿಯುತ್ತಿತ್ತೇನೋ. ಇವರದು ಮರ್ಯಾದೆ. ನೀವು ತಗೋರಿ ಅಂತ ಇವಳು, ಛೇ ಛೇ ನೀವಽ ತಗೋರಿ ಅಂತ ಆಕೆ. ಖಣ ಇವರ ಮಡಿಲಿಂದ ಅವರ ಮಡಿಲಿಗೆ ಹೋಗುತ್ತ ಬರುತ್ತ ಮಗ್ಗದ ಲಾಳಿಯಂತಾಯಿತು. ಕೊನೆಗೆ ನೇಕಾರರೇ ಎದ್ದು ಬಂದು ಅದೇ ಬಣ್ಣದ್ದು ಇನ್ನೊಂದು ಖಣ ಕೊಟ್ಟು, ಹಗಲು ಇಳಿಯುತ್ತಿದೆ, ನಾನು ನೇಯಬೇಕು ಎಂದರು.

ಮನೆಗೆ ಬಂದು ನೋಡಿದರೆ ಖಣ ಗಿಳಿಹಸಿರು. ಅದಕ್ಕೆ ಹೊಂದುವ ಒಂದೂ ಸೀರೆ ಅವಳ ಕಪಾಟಿನಲ್ಲಿಲ್ಲ. ಚಲೋ ಖಣ, ಸುಮ್ಮನೆ ಇಟ್ಟರೆ ದಂಡ. ಮುಂದಿನ ಭಾನುವಾರ ಹಸಿರು ಸೀರೆಗಾಗಿ ಮತ್ತೆ ವಡಗಾವಿಗೆ ಹೋದೆವು. ಆ ಹೆಣ್ಣುಮಗಳು ತನ್ನ ಖಣವನ್ನು ತೊಡೆಯ ಮೇಲೆ ಹರವಿಕೊಂಡು ನಮಗಿಂತ ಮೊದಲೇ ಅಲ್ಲಿ ಕೂತಿದ್ದಳು.

ಕುಂದಾ

ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಅರ್ಧ ಕಿಲೋ ಕುಂದಾಕ್ಕೆ ಕಾಲು ಕಿಲೋ ಉಚಿತ ಎಂಬ ಕೂಪನ್‌ನ ಕೊನೆಯ ದಿನ. ಕಾರ್ಖಾನೆಯಿಂದ ಬರುವಾಗ ತರಲು ಹೇಳಿದ್ದಳು. ತಂದೆ. ಆದರೆ ಉಚಿತದ ಕಾಲು ಕಿಲೋವನ್ನು ಅಂಗಡಿಯ ಮುಂದೆ ಸ್ಕೂಟರ್ ಮೇಲೆ ಕೂತು ತಿಂದುಬಿಟ್ಟೆ. ಮನೆಯಲ್ಲಿ ನನಗೆ ಸಿಹಿಯ ವಿಷಯದಲ್ಲಿ ಒಂದು ಚಮಚೆಯ ಕಾಯಿದೆ ಇದೆ.

ಉಚಿತದ್ದು ಎಲ್ಲಿ ಎಂದು ಕೇಳಿದಾಗ, ಕೊಡಲಿಲ್ಲ ಅಂದೆ. ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅವಳು ಚಪ್ಪಲಿ ಮೆಟ್ಟಿದಳು. ನನ್ನ ಗಂಡ ಬಾಯಿಲ್ಲದ ಮನುಷ್ಯ, ಅಂಥವರಿಗೆ ಹಿಂಗ ಮೋಸ ಮಾಡೂದೇನ್ರಿ ಎಂದು ಅಂಗಡಿಯಲ್ಲಿ ನಿಂತು ಕೇಳಿದಳು. ನಾನು ಅವಳ ಹಿಂದೆ ನಿಂತಿದ್ದೆ. ಅಂಗಡಿಯವರು ನನ್ನ ಮುಖ ನೋಡಿದರು. ಅಂಗಿಯ ಮೇಲೆ ಬಿದ್ದಿದ್ದ ಕುಂದಾದ ಚೂರನ್ನೂ ನೋಡಿದರು. ಆಮೇಲೆ ತಪ್ಪಾತ್ರಿ ಅಕ್ಕಾರ ಅಂತ ಹೇಳಿ ಇನ್ನೊಂದು ಕಾಲು ಕಿಲೋ ಕಟ್ಟಿಕೊಟ್ಟರು.

ಮರುದಿನ ಹಣ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. "ಇರ್ಲಿ ಬಿಡ್ರಿ ಸರ. ಅಂಗಡಿ ನಂದಽ ಇದ್ರೂ ನಮ್ಮ ಮನಿಯಾಗ ನನಗ ಅರ್ಧಾ ಚಮಚಾನಽ."

ಮಾವಶಿಯ ಭಾಕರಿ

ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಒಬ್ಬ ಮಾವಶಿ ಮತ್ತು ಅವರ ಯಜಮಾನರು ಸಣ್ಣ ಖಾನಾವಳಿ ನಡೆಸುತ್ತಾರೆ. ಮನೆಮಾತು ಮರಾಠಿ; ಮಾವಶಿ ಅಂದರೆ ಚಿಕ್ಕಮ್ಮ. ನಮ್ಮಾಕಿಯನ್ನು ಲಂಗ ತೊಟ್ಟ ಕಾಲದಿಂದ ಬಲ್ಲವರು, ಹಾಗಾಗಿ ನಾನು ಅವರಿಗೆ ಜಾವಯಿ, ಅಂದರೆ ಅಳಿಯ. ಶನಿವಾರ ಅವಳಿಗೆ ಅರ್ಧ ದಿನ ಸಾಲಿ. ನನಗೂ ಒಮ್ಮೆ ರಜೆ ಇತ್ತು. ಹೋಗಿ ಇಬ್ಬರೂ ಉಂಡೆವು. ಅಕ್ಕಿ ಭಾಕರಿ ಅನ್ನುವ ರೊಟ್ಟಿ, ಮಡಕೆಕಾಳಿನ ಉಸಳಿ ಪಲ್ಲೆ.

ನಮ್ಮಾಕಿ ಕೈ ತೊಳೆಯಲು ಎದ್ದು ಹೋದಳು. ಅವಳ ಚೀಲದಿಂದ ಇಣುಕುತ್ತಿದ್ದ ಪುಸ್ತಕದಿಂದ ನಾನು ರೂಢಿಯಂತೆ ಒಂದು ಪುಟ ಹರಿದು ಮಾವಶಿಯ ಕೈಗೆ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅರಿಷಿಣದ ಡಬ್ಬಿಯ ಕೆಳಗಿಟ್ಟು, ಇನ್ನೊಂದು ಬಿಸಿ ಭಾಕರಿ ತಂದು ನನ್ನ ತಾಟಿಗೆ ಹಾಕಿದರು. ಉಸಳಿಯನ್ನೂ ಹಾಕಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮಾಕಿ ಪುಸ್ತಕ ಎಣಿಸಿದಳು. ಹೋದ ಪುಟ ಬೆಳಗಾವಿಯ ಒಂದು ಗಂಡಸರ ಸಲೂನಿನದು. ಕಟಿಂಗ್ ಮಾಡಿಸಿದರೆ ತಲೆ ಮಾಲೀಷ್ ಉಚಿತ. ಕನ್ನಡ ಓದಲು ಬಾರದ ಮುದುಕಿಗೆ ಮೋಸ ಮಾಡಿ ಬಂದಿರಲ್ಲ ಎಂದು ದಾರಿಯುದ್ದಕ್ಕೂ ಬೈದಳು. ನನಗೂ ಮನಸ್ಸಿಗೆ ಬಹಳ ಕೆಡುಕೆನಿಸಿತು.

ಮುಂದಿನ ಶನಿವಾರ ಭಾಕರಿಯ ಹಣ ಕೊಟ್ಟು ತಪ್ಪೊಪ್ಪಿಕೊಳ್ಳಲು ಹೋದೆ. ಮಾವಶಿ ನಕ್ಕರು. "ನಾ ಏಳನೇ ಇಯತ್ತೆ ತನಕ ಕನ್ನಡ ಸಾಲಿ ಕಲತೀನಿ, ಜಾವಯಿ. ಎಲ್ಲಾ ಓದೀನಿ. ಇನ್ನೊಂದು ಭಾಕರಿ ಕೇಳಾಕ ನಾಚಿಕೊಂಡು ಚೀಟಿ ಕೊಟ್ಟೀರಿ ಅನಕೊಂಡೆ."

ಹಣ ಮುಟ್ಟಲಿಲ್ಲ. ಆದರೆ ಡಬ್ಬಿಯ ಕೆಳಗಿಂದ ಕೂಪನ್ ತೆಗೆದು, ಇದು ಇನ್ನೂ ನಡೆಯುತ್ತದೆಯೇ, ನಮ್ಮ ಯಜಮಾನರು ನಾಳೆ ಬೆಳಗಾವಿಗೆ ಹೊರಟಿದ್ದಾರೆ ಎಂದು ಕೇಳಿದರು. ಒಲೆಯ ಮುಂದಿದ್ದ ಯಜಮಾನರು ಇತ್ತ ಹಣಿಕಿ ನೋಡಿದರು. ತಲೆಯ ಮೇಲೆ ಒಂದೂ ಕೂದಲಿರಲಿಲ್ಲ.

"ಕಟಿಂಗ್ ಬ್ಯಾಡ," ಅಂದರು ಅವರು, "ಮಾಲೀಷ್ ಅಷ್ಟ ಸಾಕು."

ಶರತ್ತಿಲ್ಲದ ಕೂಪನ್

ನಮ್ಮದು ರಜಿಸ್ಟರ್ ಮದುವೆ. ಅವರ ಮನೆಯಲ್ಲಿ ಇಷ್ಟಲಿಂಗ ಪೂಜೆ, ನಮ್ಮ ಮನೆಯಲ್ಲಿ ಬೀರಪ್ಪ ದೇವರು. ಎರಡೂ ಕಡೆಯವರು ಒಪ್ಪಲಿಲ್ಲ. ಸಾಕ್ಷಿಗೆ ಬಂದಿದ್ದ ಮೂವರು ಗೆಳೆಯರು ಸಹಿ ಮಾಡಿ ಚಹಾ ಕುಡಿದು ಹೋದರು. ವರ್ಷ ಕಳೆದಂತೆ ಸಿಟ್ಟು ಇಳಿಯಿತು, ನಮ್ಮವ್ವ ಬರತೊಡಗಿದಳು, ಅವರ ತಾಯಿ ಬರತೊಡಗಿದರು. ಆದರೆ ಒಬ್ಬರು ಇದ್ದಾಗ ಇನ್ನೊಬ್ಬರು ಬರುತ್ತಿರಲಿಲ್ಲ. ಹತ್ತು ವರ್ಷದಲ್ಲಿ ಇಬ್ಬರು ಬೀಗತಿಯರು ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಹತ್ತನೆಯ ವರ್ಷಕ್ಕೆ ನನಗೊಂದು ಆಸೆ ಹುಟ್ಟಿತು. ನಮ್ಮಾಕಿ ಹೋಟೆಲಿನ ಮೆನುವನ್ನು ಬಲಗಡೆಯಿಂದ ಓದುತ್ತಾಳೆ, ಮೊದಲು ದರ, ಆಮೇಲೆ ತಿನಿಸು. ಒಂದು ದಿನವಾದರೂ ಎಡಗಡೆಯಿಂದ ಓದಲಿ ಅನಿಸಿತು. ಹಣ ನಾನು ಕೊಡುತ್ತೇನೆಂದರೆ ಬರುವವಳಲ್ಲ. ಅದಕ್ಕೆ ನಾನೇ ಒಂದು ಕೂಪನ್ ಬರೆದೆ. ಮದುವೆಯಾಗಿ ಹತ್ತು ವರ್ಷವಾದ ಅದೃಷ್ಟ ಜೋಡಿಗೆ ಊಟ ಸಂಪೂರ್ಣ ಉಚಿತ. ಕಾರ್ಖಾನೆಯ ಹತ್ತಿರದ ಪ್ರೆಸ್ಸಿನಲ್ಲಿ ಬಣ್ಣದ ಕಾಗದದ ಮೇಲೆ ಅಚ್ಚು ಹಾಕಿಸಿದೆ. ಅವಳು ಹಿಂದೆಂದೂ ಕಾಲಿಡದ ಒಂದು ದೊಡ್ಡ ಹೋಟೆಲಿಗೆ ಹೋಗಿ ಇಬ್ಬರ ಊಟದ ಹಣ ಮುಂಗಡ ಕಟ್ಟಿ, ವಿಷಯ ತಿಳಿಸಿ, ಅವಳಿಗೆ ಹೇಳಬೇಡಿ ಎಂದು ಅಲ್ಲಿಯ ಮ್ಯಾನೇಜರನಿಗೆ ಕೇಳಿಕೊಂಡೆ. ಮರುದಿನ ಪೇಪರಿನ ಮಡಿಕೆಯಲ್ಲಿ ಕೂಪನ್ ಇಟ್ಟೆ.

ಅವಳು ಎರಡು ಸಲ ಓದಿದಳು. ನಗಲಿಲ್ಲ. ಪರ್ಸಿನಲ್ಲಿಟ್ಟುಕೊಂಡು, "ಇದರಾಗ ಎಷ್ಟು ಮಂದಿ ಅಂತ ಬರದಿಲ್ಲ ನೋಡ್ರಿ," ಅಂದಳು.

ಜೋಡಿ ಅಂದರೆ ಇಬ್ಬರು ಅಂತ ಹೇಳಿದೆ. ಜೋಡಿ ಯಾರನ್ನೂ ಕರೆದುಕೊಂಡು ಬರಬಾರದು ಅಂತ ಎಲ್ಲಿದೆ, ಶರತ್ತೇ ಹಾಕಿಲ್ಲ, ಬರೆದವನು ಯಾರೋ ಭೋಳೆ ಮನುಷ್ಯ ಅಂದಳು. ಬರೆದವನು ಸುಮ್ಮನೆ ಚಹಾ ಕುಡಿದ.

ಭಾನುವಾರ ಮಧ್ಯಾಹ್ನ ಹೋಟೆಲಿಗೆ ಹೋದರೆ ಮೂರು ಟೇಬಲ್ ಕೂಡಿಸಿ ಹಾಕಿದ್ದರು. ಒಂದು ಕಡೆ ಖಾನಾಪುರದಿಂದ ಬಂದ ಅವಳ ತಾಯಿ, ಅಣ್ಣ, ಅತ್ತಿಗೆ. ಇನ್ನೊಂದು ಕಡೆ ನಮ್ಮವ್ವ, ತಂಗಿ, ತಂಗಿಯ ಗಂಡ. ನಡುವೆ, ಅಂದು ಸಹಿ ಮಾಡಿ ಹೋಗಿದ್ದ ಮೂವರು ಸಾಕ್ಷಿಗಳು. ನಾವಿಬ್ಬರು ಸೇರಿ ಹನ್ನೊಂದು. ನನ್ನ ಕಿಸೆಯಲ್ಲಿದ್ದದ್ದು ಸ್ಕೂಟರಿನ ಪೆಟ್ರೋಲಿಗಾಗುವಷ್ಟು.

ಇಬ್ಬರು ತಾಯಂದಿರು ಎದುರುಬದುರು ಕೂತು ನೀರಿನ ಲೋಟ ನೋಡುತ್ತಿದ್ದರು. ಹೋಳಿಗೆ ಬಂತು. ನಮ್ಮವ್ವ ತಾಟು ಸರಿಸಿ, ನನಗ ಸಕ್ಕರಿ ಬ್ಯಾನಿ ಐತ್ರಿ, ನೀವು ತಗೋರಿ ಅಂದಳು. ಅವರ ತಾಯಿ, ನನಗೂ ಐತಿ ಅಂದರು. ನಿಮಗೆ ಎಷ್ಟು ವರ್ಷದಿಂದ, ನಿಮಗೆ ಯಾವ ಗುಳಿಗಿ, ಊಟದ ಮೊದಲೋ ನಂತರವೋ ಎಂದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಬಾಜುಬಾಜು ಕೂತು, ಡಾಕ್ಟರರನ್ನು ಬೈಯುತ್ತ, ಒಂದೇ ಹೋಳಿಗೆಯನ್ನು ಅರ್ಧರ್ಧ ಮಾಡಿಕೊಂಡು ತಿನ್ನುತ್ತಿದ್ದರು. ದೇವರು ಹತ್ತು ವರ್ಷ ಬಿಟ್ಟ ಕೆಲಸವನ್ನು ಸಕ್ಕರೆ ಕಾಯಿಲೆ ಹತ್ತು ನಿಮಿಷದಲ್ಲಿ ಮಾಡಿತು.

ನಾನು ಮೆಲ್ಲಗೆ ಎದ್ದು ಕೌಂಟರಿಗೆ ಹೋಗಿ, ಉಳಿದ ಒಂಬತ್ತು ಊಟದ ಹಣ ನಾಳೆ ತಂದು ಕೊಟ್ಟರೆ ನಡೆದೀತೇ ಎಂದು ಪಿಸುಗುಟ್ಟಿದೆ. ಮ್ಯಾನೇಜರ್ ನಿಟ್ಟುಸಿರು ಬಿಟ್ಟ.

"ಅಕ್ಕಾರು ಬುಧವಾರನಽ ಬಂದು ಕೊಟ್ಟು ಹೋಗ್ಯಾರ್ರಿ. ನಿಮಗ ಹೇಳಬ್ಯಾಡ ಅಂದಾರ. ನೀವು ಅವ್ರಿಗೆ ಹೇಳಬ್ಯಾಡ ಅಂದೀರಿ. ನಾ ನಾಕು ದಿನದಿಂದ ಯಾರ ಕೂಡನೂ ಮಾತಾಡಿಲ್ಲ." ಆಮೇಲೆ ದನಿ ತಗ್ಗಿಸಿ, ಮಂದಿ ಹೆಚ್ಚು ಅಂತ ಹೇಳಿ ಒಂದು ಊಟದ ರೊಕ್ಕ ಬಿಡಿಸಿಕೊಂಡೂ ಹೋಗಿದ್ದಾರೆ ಅಂದ.

ಮನೆಗೆ ಬರುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ, ಹೇಗೆ ಗೊತ್ತಾಯಿತು ಎಂದು ಕೇಳಿದೆ. ದಿನಾ ನಲವತ್ತು ಮಕ್ಕಳ ಪಾಟಿ ತಿದ್ದುವವಳಿಗೆ ಗಂಡನ ಕನ್ನಡ ಗೊತ್ತಾಗುವುದಿಲ್ಲವೇ ಅಂದಳು. ಗೊತ್ತಿದ್ದೂ ಯಾಕೆ ಎಲ್ಲರನ್ನೂ ಕರೆದಿ ಎಂದೆ. ಅದಕ್ಕವಳು ಹೇಳಿದಳು:

"ಮದುವಿ ಊಟ ಅಂತ ಕರದಿದ್ರ ಒಬ್ಬರೂ ಬರ್ತಿರಲಿಲ್ಲ. ಕೂಪನ್ ಐತಿ, ಸುಮ್ಮ ಹಾಳಾಗ್ತದ ಅಂದೆ. ಎಲ್ಲಾರೂ ಬಂದ್ರು."

ಸ್ಕೂಟರಿನ ಕನ್ನಡಿಯಲ್ಲಿ ನೋಡಿದರೆ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಧೂಳು ಬಹಳ ಐತಿ, ನಡೀರಿ ಅಂದಳು.

ನಮ್ಮವ್ವ ಅಂದು ನಮ್ಮಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ನನ್ನ ಊಟದ ಡಬ್ಬಿಯ ಮೇಲೆ ಆ ಕೂಪನ್ ಇತ್ತು. ಕೆಂಪು ಶಾಯಿಯಲ್ಲಿ ತಿದ್ದಿದ್ದಳು. ನಾನು ‘ಅದ್ರುಷ್ಟ’ ಎಂದು ಬರೆದಿದ್ದೆ, ‘ಸಂಪೂರ್ನ’ ಎಂದು ಬರೆದಿದ್ದೆ, ‘ಹುಚಿತ’ ಎಂದೂ ಬರೆದಿದ್ದೆ. ಹತ್ತಕ್ಕೆ ಏಳು ಅಂಕ. ಕೆಳಗೆ ಒಂದು ಗೆರೆ ಎಳೆದು ‘ಪಾಲಕರ ಸಹಿ’ ಎಂದಿತ್ತು.

ಅವ್ವ ಏನು ಕಾಗದ ಎಂದು ಕೇಳಿದಳು. ನನ್ನ ಮದುವೆಯ ರಿಸಲ್ಟು, ನಿನ್ನ ಸಹಿ ಬೇಕಂತೆ ಅಂದೆ. ಪಾಸೋ ನಪಾಸೋ ಅಷ್ಟು ಹೇಳು ಅಂದಳು. ಪಾಸು ಅಂದೆ. ಅವ್ವ ದೇವರ ಮುಂದಿನ ಕುಂಕುಮದ ಬಟ್ಟಲಲ್ಲಿ ಹೆಬ್ಬೆಟ್ಟು ಅದ್ದಿ ಗೆರೆಯ ಮೇಲೆ ಒತ್ತಿದಳು.

"ಹತ್ತು ವರ್ಷ ಹಿಡೀತಲ್ಲೋ," ಅಂದಳು.